ವಿಮೆ ಇರೋದು ಹಸುವಿಗಲ್ಲ ಮಾರಾಯ್ರೆ, ಕಿವಿಯ ಓಲೆಗೆ

ಡೇರಿ ಕಟ್ಟೆಯಲ್ಲಿ ಇವತ್ತು ಬೆಳಿಗ್ಗೆ ಮತ್ತೆ ಅದೇ ತೀರ್ಪು: "ಇನ್ಶೂರೆನ್ಸ್ ಅಂದ್ರೆ ಬರೀ ಮೋಸ. ಹಸು ಸತ್ತರೂ ಒಂದು ಪೈಸೆ ಕೊಡ್ಲಿಲ್ಲ." ಯಾಕೆ ಕೊಡ್ಲಿಲ್ಲ ಅಂತ ಕೆದಕಿದರೆ, ಸತ್ತ ಹಸುವಿನ ಕಿವಿಯಲ್ಲಿ ಓಲೆಯೇ, ಅಂದರೆ ನಂಬರಿನ ಹಳದಿ ಬಿಲ್ಲೆಯೇ ಇರಲಿಲ್ಲ. ಬಿದ್ದದ್ದು ಯಾವಾಗ? ದೀಪಾವಳಿಗೂ ಮೊದಲು! ಗೋಪೂಜೆ ದಿನ ಕೊಂಬಿಗೆ ಕೆಮ್ಮಣ್ಣು ಬಳಿದು, ಕೊರಳಿಗೆ ಅಡಿಕೆ ಸರ ಕಟ್ಟಿದವರಿಗೆ ಖಾಲಿ ಕಿವಿ ಕಾಣಲಿಲ್ಲವೇ?

ಜಾನುವಾರು ಪಾಲಿಸಿಯ ಮೊದಲ ನಿಯಮವೇ ಅದು, ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ. ಕೆಂಪು ಜರ್ಸಿ ಊರಿಗೆ ನಲವತ್ತಿರುತ್ತವೆ, ಸತ್ತದ್ದು ನಿಮ್ಮದೇ ಅಂತ ಕಂಪನಿಗೆ ತಿಳಿಯೋದು ಹಳದಿ ಬಿಲ್ಲೆಯ 12 ಅಂಕಿಯಿಂದ ಮಾತ್ರ. ಡಾಕ್ಟ್ರ ಆರೋಗ್ಯ ಪತ್ರ, ಪಾಲಿಸಿ, ಫೋಟೋ, ಮರಣೋತ್ತರ ವರದಿ, ನಾಲ್ಕರಲ್ಲೂ ಅದೇ ನಂಬರ್ ಇರಬೇಕು. ಪಾಲಿಸಿ ಕೈಗೆ ಬಂದ ದಿನವೇ ಹಸುವಿನ ಪಕ್ಕ ನಿಂತು ಅಂಕಿ ಅಂಕಿ ಹಿಡಿದು ಓದಿ. 6 ಇದ್ದ ಕಡೆ 8 ಬಿದ್ದಿದ್ದರೆ ಆಗಲೇ ತಿದ್ದಿಸಿ, ಸತ್ತ ಮೇಲೆ ತಿದ್ದಿಕೊಡುವವರು ಯಾರೂ ಇಲ್ಲ.

ಓಲೆ ಸುಮ್ಮಸುಮ್ಮನೆ ಬೀಳೋದಿಲ್ಲ. ಕಿವಿಯ ನಡುವೆ, ದಪ್ಪ ರಕ್ತನಾಳಗಳನ್ನು ತಪ್ಪಿಸಿ ಚುಚ್ಚಬೇಕು. ಅಂಚಿಗೆ ಚುಚ್ಚಿದರೆ ಬ್ಯಾಣದ (ಮೇಯುವ ಹುಲ್ಲುಗಾವಲಿನ) ಲಂಟಾನಕ್ಕೋ ಬೇಲಿ ತಂತಿಗೋ ಸಿಕ್ಕಿ ಕಿವಿಯೇ ಸೀಳುತ್ತದೆ. ಆಷಾಢದ ಮಳೆಯಲ್ಲಿ ಚುಚ್ಚಿಸಿ ಹಾಗೇ ಬಿಟ್ಟರೆ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ಗಾಯ ಮಾಯುವವರೆಗೆ ಬೇವಿನೆಣ್ಣೆಯನ್ನೋ ಡಾಕ್ಟ್ರು ಕೊಟ್ಟ ಮುಲಾಮನ್ನೋ ಹಚ್ಚುತ್ತಿರಿ. ಅಷ್ಟಾಗಿಯೂ ಬಿತ್ತಾ? ಹೊಸದು ಹಾಕಿಸಿ, ಹಳೆ ನಂಬರ್, ಹೊಸ ನಂಬರ್ ಎರಡನ್ನೂ ಬರೆದು ಫೋಟೋ ಸಮೇತ ಕಂಪನಿಗೆ ಕೊಟ್ಟು, ಪಾಲಿಸಿಯಲ್ಲಿ ಸೇರಿಸಿಕೊಂಡ ಕಾಗದ ಇಸ್ಕೊಳ್ಳಿ. "ಏಜೆಂಟ್‌ಗೆ ಫೋನಲ್ಲಿ ಹೇಳಿದ್ದೆ" ಅನ್ನೋದು ಫೈಲಿಗೆ ಸೇರುವುದಿಲ್ಲ.

ಇನ್ನು ಮಾಡಿಸಬೇಕೋ ಬೇಡವೋ. ದಿನಕ್ಕೆ 12 ಲೀಟರ್ ಕರೆಯುವ ಎರಡನೇ ಸೂಲಿನ ಜರ್ಸಿ, ಬೆಲೆ 60,000 ಅನ್ನಿ. ವರ್ಷದ ಪ್ರೀಮಿಯಂ ಶೇ. 4 ಎಂದು ಹಿಡಿದರೆ 2,400 ರೂಪಾಯಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ರೈತನ ಪಾಲು ಶೇ. 15, ಉಳಿದದ್ದು ಕೇಂದ್ರ ಮತ್ತು ರಾಜ್ಯದ್ದು. ಅಂದರೆ ನಿಮ್ಮ ಜೇಬಿಂದ 360. ಒಂದು ಚೀಲ ಹಿಂಡಿಯೂ ಬರೋದಿಲ್ಲ ಆ ದುಡ್ಡಿಗೆ! ಅದೇ ದುಡ್ಡನ್ನು ಡಬ್ಬಿಗೆ ಹಾಕ್ತಾ ಹೋಗ್ತೀನಿ ಅನ್ನುವ ಬುದ್ಧಿವಂತರು ಇದ್ದಾರೆ. ಹಾಕಿ ಸ್ವಾಮಿ, 167 ವರ್ಷಕ್ಕೆ ಒಂದು ಹಸು ಬರುತ್ತದೆ. ಸರ್ಕಾರದ ಅನುಗ್ರಹ ಯೋಜನೆ ಇದೆಯಲ್ಲ ಅನ್ನುವವರಿಗೆ: ಅದು ಆಕಸ್ಮಿಕ ಸಾವಿಗೆ, 2025ರ ಬಜೆಟ್‌ನಲ್ಲಿ ಏರಿಸಿದ ಮೇಲೂ 15,000. ಆ ದುಡ್ಡಿಗೆ ಕರೆಯುವ ಜರ್ಸಿ ಎಲ್ಲಿ ಸಿಗುತ್ತದೆ ಅಂತ ನನಗೂ ಹೇಳಿ.

ಮಲೆನಾಡು ಗಿಡ್ಡ ಅನ್ನುವ ಸಣ್ಣ ನಾಟಿ ದನಗಳ ಲೆಕ್ಕ ಬೇರೆ. ಮಿಷನ್‌ನ ಮಾರ್ಗಸೂಚಿಯಲ್ಲಿ ಹಸುವಿನ ಕನಿಷ್ಠ ಬೆಲೆ ಕಟ್ಟೋದು ದಿನದ ಹಾಲಿನ ಮೇಲೆ, ಲೀಟರಿಗೆ 3,000. ಇಲ್ಲವೇ ಊರಿನ ಮಾರುಕಟ್ಟೆ ದರ. ಎರಡು ಲೀಟರ್ ಕೊಡುವ ಗಿಡ್ಡಕ್ಕೆ ಹಾಲಿನ ಲೆಕ್ಕದಲ್ಲಿ 6,000 ಆಯ್ತು. ಮೇಲಾಗಿ ಅದು ಮೇಯೋದು ಕಾಡಲ್ಲಿ. ಸಂಜೆ ಕೊಟ್ಟಿಗೆಗೆ ಬಾರದ ದನಕ್ಕೆ ವಿಮೆ ಇಲ್ಲ, ಕಳೆದುಹೋದದ್ದು, ಕಳುವಾದದ್ದು ಪಾಲಿಸಿಯ ಹೊರಗೆ. ಚಿರತೆ ಹೊಡೆದದ್ದಾದರೆ ಹೆಣ ಅಲುಗಿಸದೆ ಅರಣ್ಯದವರಿಗೆ ಹೇಳಿ, ಆ ಪರಿಹಾರಕ್ಕೆ ಬೇರೆಯೇ ಅರ್ಜಿ. ನನ್ನ ಪ್ರಕಾರ ಗಿಡ್ಡಕ್ಕೆ ವಿಮೆ ಬೇಡ, ಕರೆಯುವ ಮಿಶ್ರತಳಿಗೆ ಬೇಕೇ ಬೇಕು. ಮಲೆನಾಡಿನ ಉಣ್ಣಿಗೆ, ಅದು ತರುವ ಥೈಲೇರಿಯಾ ಜ್ವರಕ್ಕೆ ಮೊದಲು ಮಲಗೋದು ಆ ಜರ್ಸಿ, ಕಪ್ಪು-ಬಿಳಿ ಬಣ್ಣದ ಎಚ್‌ಎಫ್‌ಗಳೇ.

ಹಸು ಗಬ್ಬ ಕಟ್ಟದಿದ್ದರೂ ದುಡ್ಡು ಬರುತ್ತದೆ ಅಂತ ಕೆಲವರ ಎಣಿಕೆ. ಮಾಮೂಲಿ ಪಾಲಿಸಿ ಸಾವಿಗೆ ಮಾತ್ರ. ಶಾಶ್ವತ ಅಂಗವೈಕಲ್ಯಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಶುರುವಿನ 15 ದಿನ ಕಾಯಿಲೆಯ ಸಾವಿಗೆ ಸಾಮಾನ್ಯವಾಗಿ ರಕ್ಷಣೆ ಇರೋದಿಲ್ಲ, ಆದ್ದರಿಂದ ಹಸು ಮೇವು ಬಿಟ್ಟ ಮೇಲೆ ಏಜೆಂಟನ್ನು ಹುಡುಕಬೇಡಿ. ಕಾಲುಬಾಯಿ, ಗಳಲೆ, ಚಪ್ಪೆ ರೋಗದ ಲಸಿಕೆ ಹಾಕಿಸಿದ ದಾಖಲೆ ಇಟ್ಟುಕೊಳ್ಳಿ. ಆ ರೋಗದಿಂದ ಸತ್ತರೆ ಅದನ್ನು ಕೇಳಿಯೇ ಕೇಳುತ್ತಾರೆ.

ಸತ್ತಾಗ ಎಲ್ಲರಿಗೂ ಅವಸರ. ಮಳೆಯಲ್ಲಿ ಹೆಣ ಬೇಗ ಉಬ್ಬುತ್ತದೆ, ಭಾನುವಾರ ಡಾಕ್ಟ್ರು ಸಿಗೋದಿಲ್ಲ, ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಬೈಯುತ್ತಾರೆ, ಒಪ್ಪಿದೆ. ಆದರೂ ಮೊದಲು ಕಂಪನಿಗೆ ಫೋನು, ಆಮೇಲೆ ಮೆಸೇಜು. ಹೇಳಿದ್ದಕ್ಕೆ ಸಾಕ್ಷಿ ಉಳಿಯಲಿ. ನಂಬರ್ ಓದಲು ಬರುವ ಹಾಗೆ ಕಿವಿಯದ್ದೊಂದು, ಪೂರ್ತಿ ಹಸುವಿನದ್ದೊಂದು ಫೋಟೋ ತೆಗೆಯಿರಿ. ಓಲೆಯನ್ನು ನೀವೇ ಕಿತ್ತು ಜೇಬಿಗೆ ಹಾಕಿಕೊಳ್ಳಬೇಡಿ, ಡಾಕ್ಟ್ರು ಬಂದು ನೋಡಲಿ. ಮಿಷನ್‌ನ ಮಾರ್ಗಸೂಚಿ ಕೇಳೋದು ನಾಲ್ಕೇ ಕಾಗದ: ಸಾವಿನ ಮಾಹಿತಿ, ಪಾಲಿಸಿ, ಕ್ಲೇಮ್ ಫಾರಂ, ಮರಣೋತ್ತರ ವರದಿ. ಅಷ್ಟು ಕೊಟ್ಟ 15 ದಿನದೊಳಗೆ ಹಣ ಬರಬೇಕು. ಐದನೆಯದನ್ನು ಕೇಳಿದರೆ ಯಾವ ನಿಯಮ ಅಂತ ಬರೆದುಕೊಡಲು ಹೇಳಿ. ಗುಂಡಿ ತೋಡುವ ಜೆಸಿಬಿಯವನಿಗೆ ಫೋನ್ ಮಾಡೋದು ಇದೆಲ್ಲ ಮುಗಿದ ಮೇಲೆ.