ಟೀ ಅಗ್ಗವಾಗಿತ್ತು, ಆದರೂ ಸಮುದ್ರಕ್ಕೆ ಎಸೆದರು

ಬ್ರಿಟಿಷರು ತೆರಿಗೆ ಜಾಸ್ತಿ ಮಾಡಿದರು, ಅದಕ್ಕೇ ಅಮೆರಿಕದವರು ದಂಗೆ ಎದ್ದರು. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇದೇ ಅಲ್ವಾ? ನನಗೆ ಇದು ಅರ್ಧ ಕಥೆ ಅನಿಸುತ್ತದೆ. ಬ್ರಿಟಿಷರು ದರ ಇಳಿಸಿದಾಗಲೂ ಅಲ್ಲಿನ ಜನ ಸಿಟ್ಟಾಗಿದ್ದಾರೆ. ಅದೂ ಎರಡು ಸಲ.

ಮೊದಲ ಸಲ ಕಾಕಂಬಿ, ಅಂದರೆ ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕದ ವಿಷಯಕ್ಕೆ. ಫ್ರೆಂಚರ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಬರುತ್ತಿದ್ದ ಕಾಕಂಬಿಯಿಂದ ಬಾಸ್ಟನ್ ಕಡೆಯವರು ರಮ್ ಮಾಡುತ್ತಿದ್ದರು. 1733ರಿಂದಲೇ ಗ್ಯಾಲನ್‌ಗೆ 6 ಪೆನ್ಸ್ ಸುಂಕ ಇತ್ತು. ಕಟ್ಟುತ್ತಿದ್ದವರು ಕಡಿಮೆ. ಅಧಿಕಾರಿಯ ಕೈ ಬೆಚ್ಚಗೆ ಮಾಡಿದರೆ ಮಾಲು ದಡಕ್ಕೆ ಇಳಿಯುತ್ತಿತ್ತು. ಫ್ರೆಂಚರ ಜೊತೆ ನಡೆದ ಏಳು ವರ್ಷದ ಯುದ್ಧದಲ್ಲಿ ಸಾಲ ಮಾಡಿಕೊಂಡಿದ್ದ ಲಂಡನ್ ಸರ್ಕಾರ 1764ರಲ್ಲಿ ಸುಂಕವನ್ನು 3 ಪೆನ್ಸಿಗೆ ಇಳಿಸಿತು. ಆದರೆ ಈ ಸಲ ನಿಜವಾಗಿ ವಸೂಲಿ ಮಾಡಲು ಹೊರಟಿತು. ಸಿಕ್ಕಿಬಿದ್ದವರ ವಿಚಾರಣೆ ಜ್ಯೂರಿಯೇ (ತೀರ್ಪು ಕೊಡುವ ಸಾಮಾನ್ಯ ಜನರ ಗುಂಪು) ಇಲ್ಲದ ನೌಕಾ ಕೋರ್ಟಿನಲ್ಲಿ. ಊರಿನ ಜ್ಯೂರಿ ಇದ್ದರೆ ನಮ್ಮವನೇ ಅಂತ ಬಿಟ್ಟುಬಿಡಬಹುದಿತ್ತು, ಆ ದಾರಿಯೂ ಮುಚ್ಚಿತು.

ಮರುವರ್ಷ ಬಂದ ಸ್ಟಾಂಪ್ ಕಾಯ್ದೆಯ ಕಥೆ ಎಲ್ಲರಿಗೂ ಗೊತ್ತು. ಪತ್ರಿಕೆ, ಕೋರ್ಟು ಕಾಗದ, ಇಸ್ಪೀಟು ಎಲೆಗೂ ದುಡ್ಡು ಕೊಟ್ಟು ಸರ್ಕಾರಿ ಮುದ್ರೆ ಹಾಕಿಸಬೇಕು. ಗಲಾಟೆ ಜೋರಾಗಿ 1766ರಲ್ಲಿ ವಾಪಸ್ ತೆಗೆದುಕೊಂಡರು. ಆದರೆ ಅದರ ಜೊತೆಗೇ ಇನ್ನೊಂದು ಕಾಯ್ದೆ ಮಾಡಿ, ನಿಮ್ಮ ಮೇಲೆ ಯಾವ ಕಾನೂನು ಬೇಕಾದರೂ ಮಾಡುವ ಹಕ್ಕು ನಮಗಿದೆ ಅಂತ ಬರೆದಿಟ್ಟರು. ಜಗಳದ ಬೇರು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಇನ್ನು ಟೀ. 1773ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. 1769ರಲ್ಲೇ ಅದರ ಷೇರು ಕುಸಿದಿತ್ತು, ನಮ್ಮ ಹೈದರ್ ಅಲಿ ಜೊತೆಗಿನ ಯುದ್ಧದ ಸುದ್ದಿಯೂ ಅದಕ್ಕೊಂದು ಕಾರಣ. ಲಂಡನ್ನಿನ ಗೋದಾಮುಗಳಲ್ಲಿ ಚೀನಾದ ಟೀ ರಾಶಿ ಬಿದ್ದಿತ್ತು. ಸರ್ಕಾರ ಕಂಪನಿಗೆ ಸಾಲ ಕೊಟ್ಟಿತು. ಜೊತೆಗೆ ತಾನು ಆರಿಸಿದ ಏಜೆಂಟರ ಮೂಲಕ ಅಮೆರಿಕದಲ್ಲಿ ನೇರವಾಗಿ ಟೀ ಮಾರಲು ಅನುಮತಿ ಕೊಟ್ಟಿತು. ಅಮೆರಿಕದಲ್ಲಿ ಟೀ ಮೇಲೆ ಮೊದಲಿಂದಲೂ ಇದ್ದ ಪೌಂಡಿಗೆ 3 ಪೆನ್ಸ್ ಸುಂಕ ಹಾಗೇ ಉಳಿಯಿತು. ಅಷ್ಟಾದರೂ ಈ ಟೀ ಕಳ್ಳಸಾಗಣೆಯ ಡಚ್ ಟೀಗಿಂತ ಅಗ್ಗವಾಗುವ ಹಾಗಿತ್ತು. ಅಗ್ಗದ ಟೀ ಕುಡಿದರೆ ಸುಂಕ ಒಪ್ಪಿಕೊಂಡ ಹಾಗೆ. ಕಳ್ಳಮಾಲು ತರುವವರಿಗೂ, ಕಾನೂನು ಪ್ರಕಾರ ವ್ಯಾಪಾರ ಮಾಡುವವರಿಗೂ ಒಂದೇ ಸಲ ಹೊಟ್ಟೆಗೆ ಹೊಡೆತ. ಬಾಸ್ಟನ್ನಿನ ಏಜೆಂಟರಲ್ಲಿ ಗವರ್ನರ್ ಹಚಿನ್ಸನ್‌ನ ಮಕ್ಕಳೇ ಇದ್ದರು. ಇನ್ನೇನು ಬೇಕು ಹೇಳಿ!

ಸುಂಕ ಕಟ್ಟಲು ಹಡಗಿಗೆ 20 ದಿನದ ಗಡುವು. ಕಟ್ಟದಿದ್ದರೆ ಮಾಲು ಜಪ್ತಿ. ವಾಪಸ್ ಕಳಿಸಿ ಎಂದರೆ ಗವರ್ನರ್ ಒಪ್ಪಲಿಲ್ಲ. ಗಡುವು ಮುಗಿಯುವ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಬಾಸ್ಟನ್ನಿನ ಜನ ಮೂರು ಹಡಗು ಹತ್ತಿ ಸುಮಾರು 340 ಪೆಟ್ಟಿಗೆ ಒಡೆದು ಟೀ ಸುರಿದರು. ಆಗ ನೀರು ಇಳಿದಿತ್ತು. ಟೀ ಮುಳುಗದೆ ಗುಡ್ಡೆಯಾಯಿತು. ಬೆಳಿಗ್ಗೆ ದೋಣಿಯಲ್ಲಿ ಹೋಗಿ, ತೇಲುತ್ತಿದ್ದ ಟೀಯನ್ನು ಯಾರೂ ಬಾಚಿಕೊಳ್ಳಬಾರದು ಅಂತ ಹುಟ್ಟುಗೋಲಿನಿಂದ ಬಡಿದು ಮುಳುಗಿಸಿದರು.

ಇದನ್ನೆಲ್ಲ ಬರೀ ವ್ಯಾಪಾರಿಗಳ ಸ್ವಾರ್ಥ ಅನ್ನುವವರಿದ್ದಾರೆ. ಸ್ವಾರ್ಥ ಇತ್ತು, ಬೇಕಾದಷ್ಟಿತ್ತು. ಆದರೆ ಭಯವೂ ಸುಳ್ಳಲ್ಲ. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್ಸನ್ ಅದೇ ವರ್ಷ, ಕಂಪನಿಯ ಕೈಯಲ್ಲಿದ್ದ ಬಂಗಾಳದ ಬರದಲ್ಲಿ ಸತ್ತವರನ್ನು ತೋರಿಸಿಯೇ ಕಂಪನಿಯ ಬಗ್ಗೆ ತನ್ನ ಜನರನ್ನು ಎಚ್ಚರಿಸಿದ್ದ. ಅಮೆರಿಕದವರಿಗೆ ಕೂಗಾಡಲು ಪತ್ರಿಕೆ ಇತ್ತು, ತಮ್ಮದೇ ಶಾಸನಸಭೆಗಳಿದ್ದವು. ಬಂಗಾಳದ ರೈತನಿಗೆ ಎರಡೂ ಇರಲಿಲ್ಲ. ಅಷ್ಟು ಜನ ಸತ್ತ ಮೇಲೂ 1771ರ ಕಂದಾಯ ವಸೂಲಿ ಬರಕ್ಕೆ ಮುಂಚಿನ 1768ಕ್ಕಿಂತ ಜಾಸ್ತಿಯಾಗಿದೆ ಅಂತ ಬಂಗಾಳದಲ್ಲಿ ಕಂಪನಿಯ ಗವರ್ನರ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಲಂಡನ್ನಿಗೆ ಬರೆದ.