ಒಂದೇ ಚಪ್ಪರದಲ್ಲಿ ಎರಡು ಮದುವೆ

2025ರ ಜೂನ್ ತಿಂಗಳಲ್ಲಿ ಬಿಹಾರದ ಮಢೌರಾ ಕಾರ್ಖಾನೆಯ ಡೀಸೆಲ್ ಎಂಜಿನ್ನೊಂದು ಪ್ರಧಾನಿಯವರ ಹಸಿರು ನಿಶಾನೆ ಪಡೆದು ಆಫ್ರಿಕದ ಗಿನಿ ದೇಶಕ್ಕೆ ಹೊರಟ ಸಂಭ್ರಮವನ್ನು ನಾವೆಲ್ಲ ಟಿ.ವಿ.ಯಲ್ಲಿ ಕಣ್ತುಂಬಿಕೊಂಡಿದ್ದೇವೆ. ಅಲ್ಲಿನ ಸಿಮಾಂಡು ಗುಡ್ಡಗಳ ಕಬ್ಬಿಣದ ಅದಿರನ್ನು ಎಳೆಯಲು ಸುಮಾರು 150 ಎಂಜಿನ್ನುಗಳು ಬೇಕಂತೆ, ಸಂತೋಷ. 2030ರೊಳಗೆ ತನ್ನ ಇಂಗಾಲದ ಲೆಕ್ಕವನ್ನು ಸೊನ್ನೆಗೆ ಇಳಿಸುವುದಾಗಿ ಪಣ ತೊಟ್ಟಿರುವ ನಮ್ಮ ರೈಲ್ವೆಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಹೊಗೆ ನಮ್ಮ ಹಳಿಯ ಮೇಲೆ ಎದ್ದರೆ ಮಾಲಿನ್ಯ, ಹಡಗು ಹತ್ತಿ ಹೋದರೆ ರಫ್ತು.

ಈ ಎಂಜಿನ್ನುಗಳ ಪೂರ್ವಪುರಾಣ ನಿಶಾನೆ ತೋರಿಸಿದವರಿಗೂ ಗೊತ್ತು, ಚಪ್ಪಾಳೆ ತಟ್ಟಿದವರಿಗೂ ಗೊತ್ತು. 2015ರ ನವೆಂಬರಿನಲ್ಲಿ ನಮ್ಮ ರೈಲ್ವೆ ಒಂದೇ ಚಪ್ಪರದಡಿ ಎರಡು ಮದುವೆ ಮಾಡಿಕೊಂಡಿತು. ಮಧೇಪುರದಲ್ಲಿ ಆಲ್‌ಸ್ಟಾಮ್ ಕಂಪನಿಯಿಂದ 800 ವಿದ್ಯುತ್ ಎಂಜಿನ್ನುಗಳು, ಮಢೌರಾದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ 1000 ಡೀಸೆಲ್ ಎಂಜಿನ್ನುಗಳು. ಎರಡೂ ಊರು ಬಿಹಾರದವೇ. ಎರಡು ವರ್ಷ ಕಳೆಯುವಷ್ಟರಲ್ಲಿ ಹೊಸ ರೈಲ್ವೆ ಸಚಿವರಿಗೆ ಡೀಸೆಲ್ಲಿನ ವಾಸನೆ ಆಗದಾಯಿತು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು ಉಳಿದ 13,675 ಕಿಲೋಮೀಟರ್ ಮಾರ್ಗಕ್ಕೂ ವಿದ್ಯುತ್ ತಂತಿ ಎಳೆಯಲು ಹನ್ನೆರಡು ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮಢೌರಾದಲ್ಲಿ ಆಗಿನ್ನೂ ಯಂತ್ರಗಳ ಮೇಲಿನ ಬಣ್ಣ ಹಸಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಾವು ಬಹಳ ಕಂಡಿದ್ದೇವೆ. ಕುಲಾವಿ ಹೊಲಿಸಿ, ಕೂಸು ಹುಟ್ಟಿಸಿ, ಆಮೇಲೆ ಈ ಮನೆಯಲ್ಲಿ ಇನ್ನು ಕೂಸುಗಳೇ ಬೇಡವೆಂದು ಠರಾವು ಪಾಸು ಮಾಡಿದವರನ್ನು ಕಂಡದ್ದು ಇದೇ ಮೊದಲು.

ತಂತಿ ಎಳೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ವಿದ್ಯುತ್ ರೈಲು ಅಗ್ಗ, ಡೀಸೆಲ್ಲಿಗಾಗಿ ಪರದೇಶದ ಎಣ್ಣೆಗೆ ಕೈಯೊಡ್ಡುವುದು ತಪ್ಪುತ್ತದೆ. ಎಳೆಯುವವರಿಗೆ ಎಳೆಯುತ್ತೇವೆಂಬುದು ಮೂರು ವರ್ಷ ಮೊದಲು ಗೊತ್ತಿರಲಿಲ್ಲವೆ ಎಂಬುದಷ್ಟೇ ನನ್ನ ಸಂಶಯ.

ನಮ್ಮ ಕಾಕಾ ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಎಂಜಿನ್ ಆಯಿಲ್ಲಿನ ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಬೇರಿಂಗ್ ಸವೆಯುತ್ತಿದೆಯೋ ನೀರು ಸೇರಿದೆಯೋ ಎಂದು ಹೇಳುತ್ತಿದ್ದರು. ಪ್ರಯೋಗಾಲಯದ ಚೀಟಿ ಬರುವುದು ಆಮೇಲೆ. ಇಂದಿಗೂ ಊಟದ ನಡುವೆ ದೂರದಲ್ಲಿ ಎಂಜಿನ್ ಸದ್ದು ಕೇಳಿದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಗುಡುಗುಡು ಎಂದು ಉಸಿರೆಳೆದರೆ ಅದು ಆಲ್ಕೋ, ಒಂದೇ ಸಮನೆ ಗುರುಗುಟ್ಟಿದರೆ ಇಎಂಡಿ; ಎರಡೂ ಅಮೆರಿಕದ ಕಂಪನಿಗಳ ವಿನ್ಯಾಸದ ಡೀಸೆಲ್ ಎಂಜಿನ್ನುಗಳು. ಆಲ್ಕೋದ ಕಥೆಯನ್ನು ಅವರು ಯಾವಾಗಲೂ ನಗುತ್ತಲೇ ಹೇಳುತ್ತಾರೆ. ಅಮೆರಿಕದ ಆ ಕಂಪನಿಯ ವಿನ್ಯಾಸ ತಂದು ವಾರಾಣಸಿಯ ಕಾರ್ಖಾನೆ 1964ರಲ್ಲಿ ಎಂಜಿನ್ ಕಟ್ಟಲು ಶುರುಮಾಡಿತು. 1969ರಲ್ಲಿ ಕಂಪನಿಯೇ ಎಂಜಿನ್ ಮಾಡುವುದನ್ನು ಬಿಟ್ಟಿತು. ಎಂಜಿನ್ನುಗಳು ಮಾತ್ರ ಆಮೇಲೂ ದಶಕಗಳ ಕಾಲ ನಮ್ಮ ಹಳಿಗಳ ಮೇಲೆ ಹುಟ್ಟುತ್ತಲೇ ಇದ್ದವು. ತಾಯಿ ಸತ್ತ ಮೇಲೂ ಮಕ್ಕಳು ಬದುಕಿದ್ದು ಆ ಕಾಲ. ಈಗ ಅದೇ ವಾರಾಣಸಿಯಲ್ಲಿ ವಿದ್ಯುತ್ ಎಂಜಿನ್ ಕಟ್ಟುತ್ತಾರೆ. ನಡುವೆ ಎರಡು ಹಳೆಯ ಡೀಸೆಲ್ ಎಂಜಿನ್ನುಗಳನ್ನು ಬೆಸೆದು ಹತ್ತು ಸಾವಿರ ಅಶ್ವಶಕ್ತಿಯ ವಿದ್ಯುತ್ ಎಂಜಿನ್ ಮಾಡಿದ ಪವಾಡವೊಂದು ನಡೆದು, 2019ರ ಫೆಬ್ರುವರಿಯಲ್ಲಿ ಅದಕ್ಕೂ ನಿಶಾನೆ ತೋರಿಸಲಾಗಿತ್ತು. ಆಮೇಲೆ ಆ ಪವಾಡದ ಸುದ್ದಿ ಹೆಚ್ಚು ಕೇಳಿಬರಲಿಲ್ಲ. ನಿಶಾನೆಗಳಿಗೆ ಮಾತ್ರ ನಮ್ಮಲ್ಲಿ ಎಂದೂ ಬರವಿಲ್ಲ.

ಇನ್ನು ಹೆಣ್ಣು ಕೊಟ್ಟ ಬೀಗರ ಮನೆಯ ಸಂಗತಿ. ಅಮೆರಿಕದ ಪೆನ್ಸಿಲ್ವೇನಿಯದ ಈರಿ ಎಂಬ ಊರಿನಲ್ಲಿ, ಸರೋವರದ ದಂಡೆಯ ಮೇಲೆ, ಜನರಲ್ ಎಲೆಕ್ಟ್ರಿಕ್ಕಿನವರು ಕಟ್ಟಿದ ನೂರು ವರ್ಷಕ್ಕೂ ಹಳೆಯ ಎಂಜಿನ್ ಕಾರ್ಖಾನೆಯಿದೆ. 2013ರಲ್ಲಿ ಅಲ್ಲಿ 950 ಜನರ ಕೆಲಸಕ್ಕೆ ಕತ್ತರಿ ಬಿತ್ತು. ಅಷ್ಟರಲ್ಲಿ ಟೆಕ್ಸಾಸ್‌ನಲ್ಲಿ ಹೊಸ ಕಾರ್ಖಾನೆ ತಲೆಯೆತ್ತಿತ್ತು. 2015ರ ನವೆಂಬರಿನಲ್ಲಿ, ಅಂದರೆ ನಮ್ಮ ಚಪ್ಪರದಲ್ಲಿ ಓಲಗ ಊದುತ್ತಿದ್ದ ಅದೇ ತಿಂಗಳಲ್ಲಿ, ಈರಿಯ 1500 ಜನರಿಗೆ ಮನೆಯ ದಾರಿ ತೋರಿಸುವುದಾಗಿ ಕಂಪನಿ ಪ್ರಕಟಿಸಿತು. ಒಂದು ಕೈಯಲ್ಲಿ ಸಾವಿರ ಎಂಜಿನ್ನಿನ ಆರ್ಡರ್, ಇನ್ನೊಂದು ಕೈಯಲ್ಲಿ ಒಂದೂವರೆ ಸಾವಿರ ಜನರ ಬೀಳ್ಕೊಡುಗೆ. 2019ರ ಫೆಬ್ರುವರಿಯಲ್ಲಿ ವ್ಯಾಬ್‌ಟೆಕ್ ಎಂಬ ಹೊಸ ಧಣಿ ಬಂದ ಮರುದಿನವೇ ಸುಮಾರು 1700 ಕಾರ್ಮಿಕರು ಆ ಚಳಿಯಲ್ಲಿ ಒಂಬತ್ತು ದಿನ ಗೇಟಿನ ಹೊರಗೆ ನಿಂತರು. ಹೊಸದಾಗಿ ಸೇರುವವನು ಅದೇ ಯಂತ್ರದ ಮುಂದೆ ನಿಂತು ಅದೇ ಕೆಲಸವನ್ನು ಬಹಳ ಕಡಿಮೆ ಕೂಲಿಗೆ ಮಾಡಬೇಕು ಎಂಬ ಷರತ್ತನ್ನು ಅವರು ಒಪ್ಪಲಿಲ್ಲ. ತಮ್ಮ ನಂತರ ಬರುವವನ ಕೂಲಿಗಾಗಿ ಮುಷ್ಕರ ಹೂಡಿದರೆಂಬುದನ್ನು ಓದಿ ನನ್ನ ತಮಾಷೆಯ ಬುದ್ಧಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ನಾವು ಅಷ್ಟು ಒರಟರಲ್ಲ. ನಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಹುದ್ದೆಯನ್ನು 'ಸರೆಂಡರ್' ಮಾಡುತ್ತಾರೆ. 2020ರ ಜುಲೈನಲ್ಲಿ, ದೇಶ ಮೂಗು ಬಾಯಿ ಮುಚ್ಚಿಕೊಂಡು ಕುಳಿತಿದ್ದಾಗ, ಸುರಕ್ಷತೆಗೆ ಸಂಬಂಧಿಸದ ಖಾಲಿ ಹುದ್ದೆಗಳಲ್ಲಿ ಅರ್ಧವನ್ನು ಸರೆಂಡರ್ ಮಾಡಿರೆಂದು ರೈಲ್ವೆ ಮಂಡಳಿ ಪತ್ರ ಬರೆಯಿತು. ಸರೆಂಡರ್ ಆಗುವವನು ಕಳ್ಳ, ಇಲ್ಲವೆ ಸೋತ ಸೈನಿಕ ಎಂದು ನಾವು ತಿಳಿದಿದ್ದೆವು. ಇಲ್ಲಿ ಖಾಲಿ ಕುರ್ಚಿಗಳು ಕೈ ಮೇಲೆತ್ತಿಕೊಂಡು ಹೊರಗೆ ಬಂದವು. ಅದರ ಮೇಲೆ ಕುಳಿತುಕೊಳ್ಳಬೇಕಾಗಿದ್ದ ಹುಡುಗ ಐ.ಟಿ.ಐ. ಮುಗಿಸಿ ಊರಲ್ಲಿ ಕೋಚಿಂಗ್ ಸೆಂಟರಿನ ಫೀ ಕಟ್ಟುತ್ತಿದ್ದನಾದ್ದರಿಂದ ಅವನನ್ನು ಯಾರೂ ತೆಗೆದುಹಾಕಲಿಲ್ಲ. ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲವಲ್ಲ. ಅದಕ್ಕೂ ಒಂದು ವರ್ಷ ಮೊದಲು, ವಾರಾಣಸಿ, ಚಿತ್ತರಂಜನದಿಂದ ಹಿಡಿದು ನಮ್ಮ ಯಲಹಂಕದ ಗಾಲಿ ಕಾರ್ಖಾನೆಯವರೆಗೆ ಏಳು ಉತ್ಪಾದನಾ ಘಟಕಗಳನ್ನು ನಿಗಮವಾಗಿಸುವ ಮಾತೆದ್ದು, ಕಾರ್ಮಿಕರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೀದಿಗೆ ಇಳಿದಿದ್ದರು.

ಇಂಥ ಲೆಕ್ಕಗಳಲ್ಲಿ ತಪ್ಪು ಮಾಡಿದವನ ಸಂಬಳ ಒಂದು ರೂಪಾಯಿಯೂ ಕಡಿಮೆಯಾದದ್ದನ್ನು ನಾನು ಈವರೆಗೆ ಎಲ್ಲಿಯೂ ಓದಿಲ್ಲ. ಬೇಸರವಾಗುತ್ತದೆ. ಸಾವಿರ ಎಂಜಿನ್ನಿನ ಒಪ್ಪಂದಕ್ಕೆ ರುಜು ಹಾಕಿದ ಪೆನ್ನು, ಡೀಸೆಲ್ ಬೇಡವೆಂದು ಟಿಪ್ಪಣಿ ಬರೆದ ಪೆನ್ನು, ಎರಡೂ ಒಂದೇ ಕಟ್ಟಡದ ಜೇಬುಗಳಲ್ಲಿದ್ದವು.

ಮಢೌರಾದ ಜನರಿಗೆ ಕಾರ್ಖಾನೆ ಮುಚ್ಚುವುದು ಹೊಸತಲ್ಲ. ಅಲ್ಲಿ ಸಕ್ಕರೆ ಕಾರ್ಖಾನೆಯಿತ್ತು, ಮಾರ್ಟನ್ ಪೆಪ್ಪರಮಿಂಟು ಮಾಡುವ ಕಾರ್ಖಾನೆಯಿತ್ತು. ಎರಡಕ್ಕೂ ಬೀಗ ಬಿದ್ದು ದಶಕಗಳಾದವು. ಗಿನಿಯ ಸುದ್ದಿ ಬಂದ ದಿನ ನಾನು ಹುಬ್ಬಳ್ಳಿಯಲ್ಲೇ ಇದ್ದೆ. ಟಿ.ವಿ.ಯಲ್ಲಿ ಎಂಜಿನ್ನಿಗೆ ಹಾಕಿದ್ದ ಹಾರವನ್ನು ಕಾಕಾ ಕಣ್ಣು ಕಿರಿದಾಗಿಸಿ ನೋಡಿದರು, ಸದ್ದು ಕೇಳಿಸಲೆಂದು ವಾಲ್ಯೂಮ್ ಹೆಚ್ಚಿಸಿದರು, ನಿರೂಪಕನ ಕೂಗಾಟದಲ್ಲಿ ಅದು ಕೇಳಿಸದೆ ಮತ್ತೆ ತಗ್ಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಅಲ್ಲೋ ತಮ್ಮಾ, ಆ ಗಿನಿಯಾಗ ತಂತಿ ಯಾವಾಗ ಎಳೀತಾರಂತ?”