ಚೀಟಿ ಯಾರ ಹೆಸರಿಗೆ ಬರೆಯೋಣ ಸ್ವಾಮಿ?

2025ರ ಸೆಪ್ಟೆಂಬರ್. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ ಪೊಲೀಸರು ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ನಿಂತಿದ್ದರು. ಅವರ ಕಣ್ಣೆದುರೇ ಒಂದು ಕಾರು ತಿರುಗಬಾರದ ಕಡೆ ಯೂ-ಟರ್ನ್ ಹೊಡೆಯಿತು. ತಡೆದರು. ಮರ್ಯಾದೆಯಿಂದ ನಿಂತಿತು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಯಾರೂ ಇಲ್ಲ! ಅದು ವೇಮೋ ಕಂಪನಿಯ ಚಾಲಕನಿಲ್ಲದೆ ತಾನಾಗಿ ಓಡುವ ಕಾರು. ಸ್ಟೀರಿಂಗ್ ಇದೆ, ಸೀಟಿದೆ, ಬೈಸಿಕೊಳ್ಳೋಕೆ ಮಾತ್ರ ಒಂದು ಮುಖ ಇಲ್ಲ. ದಂಡದ ಚೀಟಿಯಲ್ಲಿ 'ರೋಬೋಟ್' ಅನ್ನೋದಕ್ಕೆ ಜಾಗವೇ ಇಲ್ಲ ಎಂದು ಪೊಲೀಸರು ಆಮೇಲೆ ಹೇಳಿಕೊಂಡರು. ಕಂಪನಿಗೆ ವಿಷಯ ತಿಳಿಸಿ ಸುಮ್ಮನಾದರು.

ಪುಣ್ಯಕ್ಕೆ ಅದು ಕುಡಿದಿರಲಿಲ್ಲ.

ಹಾಗಂತ ಈ ಕಾರುಗಳಿಗೆ ಚಾಲಕನೇ ಇಲ್ಲ ಅಂದುಕೊಳ್ಳಬೇಡಿ. ಬೇಕಾದಾಗ ಸಿಗುತ್ತಾನೆ. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿತು. ಆಕೆ ತೀರಿಕೊಂಡರು. ಕಾರಿನ ಕಂಪ್ಯೂಟರ್ 5.6 ಸೆಕೆಂಡ್ ಮೊದಲೇ ಏನೋ ಇದೆ ಎಂದು ಕಂಡುಕೊಂಡಿತ್ತು. ವಾಹನವೋ, ಸೈಕಲ್ಲೋ, ಇನ್ನೇನೋ ಅಂತ ಆಮೇಲೆ ಚರ್ಚೆ. ಅಭಿಪ್ರಾಯ ಬದಲಿಸಿದಾಗಲೆಲ್ಲ ಹಿಂದೆ ನೋಡಿದ್ದನ್ನು ಮರೆಯುತ್ತಿತ್ತು, ಥೇಟ್ ಕಮಿಟಿ ಮೀಟಿಂಗ್. ಜೀಬ್ರಾ ಪಟ್ಟೆ ಇಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆ ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ವೋಲ್ವೋ ಕಾರಿನಲ್ಲಿ ಮೊದಲೇ ಇದ್ದ ತುರ್ತು ಬ್ರೇಕನ್ನು, ತಮ್ಮ ಕಂಪ್ಯೂಟರ್ ಓಡಿಸುವಾಗ ಊಬರ್‌ನವರೇ ಬಂದ್ ಮಾಡಿಟ್ಟಿದ್ದರು.

ಆದರೆ 2019ರಲ್ಲಿ ಪ್ರಾಸಿಕ್ಯೂಟರ್, ಕಂಪನಿ ಮೇಲೆ ಕ್ರಿಮಿನಲ್ ಕೇಸಿಗೆ ಆಧಾರವಿಲ್ಲ ಎಂದರು. ಕಟಕಟೆ ಹತ್ತಿದ್ದು, ಕಾರಿನ ಮೇಲೆ ಕಣ್ಣಿಡಲೆಂದು ಚಾಲಕನ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದ ಉದ್ಯೋಗಿ. 2023ರಲ್ಲಿ ತಪ್ಪೊಪ್ಪಿಗೆ, 3 ವರ್ಷ ಪ್ರೊಬೇಷನ್, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾ. ಫೋನ್ ನೋಡಿದ್ದು ತಪ್ಪೇ, ಎರಡು ಮಾತಿಲ್ಲ. ಬ್ರೇಕ್ ಬಂದ್ ಮಾಡಿದ ಕೈ ಅವರದಲ್ಲ, ಅಷ್ಟೇ.

ಟೆಸ್ಲಾದವರು ಈ ಜಾಣತನವನ್ನು ಹೆಸರಿನಲ್ಲೇ ಇಟ್ಟಿದ್ದಾರೆ. 'ಫುಲ್ ಸೆಲ್ಫ್ ಡ್ರೈವಿಂಗ್', ಅದರ ಬಾಲಕ್ಕೆ 'ಸೂಪರ್‌ವೈಸ್ಡ್'. ಮಗು ಪೂರ್ತಿ ತಾನೇ ಈಜುತ್ತೆ, ನೀವು ಹೊಟ್ಟೆ ಕೆಳಗೆ ಕೈ ಕೊಟ್ಟಿರಿ ಅಂದ ಹಾಗೆ.

ಇನ್ನು ಪರೀಕ್ಷೆ. ಹುಡುಗನೊಬ್ಬ ಲೈಸೆನ್ಸ್ ಕೇಳಿದರೆ ಕಣ್ಣು ತೋರಿಸಬೇಕು, ಗಾಡಿ ಓಡಿಸಿ ತೋರಿಸಬೇಕು. ಅಮೆರಿಕದಲ್ಲಿ ಕಾರು ನಿಯಮದ ಪ್ರಕಾರ ಇದೆ ಎಂದು ಪ್ರಮಾಣಪತ್ರ ಕೊಡುವವರು ಅದನ್ನು ಮಾಡಿದವರೇ. ತಾನಾಗಿ ಓಡುವ ಕಾರುಗಳಿಗೆಂದು 2016ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸುರಕ್ಷತೆಯ 15 ಅಂಶಗಳ ಪಟ್ಟಿ ತಂದಿತು. ಉತ್ತರಿಸುವುದು ಬಿಡುವುದು ಕಂಪನಿಯ ಇಷ್ಟ. ಮರುವರ್ಷ ಪಟ್ಟಿ 12ಕ್ಕೆ ಇಳಿಯಿತು. ಇಷ್ಟ ಹಾಗೇ ಉಳಿಯಿತು. ಇಂಥ ಪರೀಕ್ಷೆ ನಮಗೆ ಶಾಲೆಯಲ್ಲಿ ಸಿಕ್ಕಿದ್ದರೆ ಎಲ್ಲರೂ ಫಸ್ಟ್ ಕ್ಲಾಸು, ಅಲ್ವಾ?

ಕ್ಯಾಲಿಫೋರ್ನಿಯಾದ ಹೊಸ ಕಾನೂನು 2026ರ ಜುಲೈನಿಂದ ಪೊಲೀಸರಿಗೆ ಕಂಪನಿಯ ಹೆಸರಿಗೇ ನೋಟಿಸ್ ಬರೆಯಲು ಬಿಡುತ್ತದೆ. ಇಂಥ ಕಾನೂನು ಬಾರದ ಕಡೆ ನೀವು ಹಿಂದಿನ ಸೀಟಿನಲ್ಲೇ ಕೂರಿ. ಅಪ್ಪಿತಪ್ಪಿ ಸ್ಟೀರಿಂಗ್ ಹಿಂದೆ ಕೂತಿರೋ, ಚಾಲಕ ಸಿಕ್ಕಿದ ಅಂದುಬಿಡುತ್ತಾರೆ.